ಡೈರಿಗೆ ಹಾಕದ ಬೆಣ್ಣೆ

ಶ್ರಾವಣದಲ್ಲಿ ಮಾವನ ಜೊತೆ ಮಾತು ಬಿಟ್ಟ ಸೊಸೆ ದೀಪಾವಳಿ ಬಂದರೂ ಬಾಯಿ ಬಿಟ್ಟಿರಲಿಲ್ಲ. ಬಾಗಲಗುಂಟೆಯ ಆ ಮನೆಯಲ್ಲಿ ಕೆಳಗೆ ಗುರುಪಾದಪ್ಪ ಮತ್ತು ಹೆಂಡತಿ ಕಾಶವ್ವ. ಮೇಲೆ ಮಗ ಶರಣು ಮತ್ತು ಸೊಸೆ ಸ್ಮಿತಾ. ನಡುವೆ ಹದಿನೆಂಟೇ ಮೆಟ್ಟಿಲು. ಆದರೂ ಗ್ಯಾಸಿನವನು ಬಂದಿದ್ದಾನೆಂದು ತಿಳಿಸಬೇಕಾದರೆ ಸ್ಮಿತಾ ಹೆಬ್ಬಾಳದ ಆಫೀಸಿನಲ್ಲಿರುವ ಗಂಡನಿಗೆ ಹೇಳುವಳು, ಗಂಡ ಅಲ್ಲಿಂದ ಅಪ್ಪನಿಗೆ ಫೋನು ಮಾಡುವನು. ಸುದ್ದಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಬರುವಷ್ಟರಲ್ಲಿ ಗ್ಯಾಸಿನವನಿಗೆ ಮದುವೆಯಾಗಿ ಎರಡು ಮಕ್ಕಳಾಗಿರುತ್ತಿದ್ದವು.

ಇಷ್ಟಕ್ಕೆಲ್ಲ ಕಾರಣ ಒಂದು ಲೋಟ ಮಜ್ಜಿಗೆ. ಸ್ಮಿತಾ ಆರ್.ಟಿ. ನಗರದಲ್ಲಿ ಬೆಳೆದವಳು, ಯಲಹಂಕದ ಕಾಲೇಜಿನಲ್ಲಿ ಪಾಠ ಹೇಳುವವಳು. ಕರುವಿನ ಪಾಲನ್ನು ನಾವು ಕುಡಿಯುವುದು ತರವಲ್ಲವೆಂದು ವರ್ಷದ ಹಿಂದೆ ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟಿದ್ದಳು. ಶ್ರಾವಣದ ಊಟಕ್ಕೆ ನಲವತ್ತು ಮಂದಿ ಬೀಗರು ಕೂತಿದ್ದಾಗ ಆಕೆ ಮಜ್ಜಿಗೆ ಬೇಡವೆಂದಳು. ಗುರುಪಾದಪ್ಪನವರು ಇಡೀ ಪಂಕ್ತಿಗೆ ಕೇಳುವಂತೆ, "ನಮ್ಮ ಸೊಸಿ ಕರುವಿನ ಕಡಿಂದ ವಕಾಲತ್ತು ಹಿಡದಾಳ್ರಿ. ಫೀಸು ಹುಲ್ಲಿನ್ಯಾಗ ತಗೋತಾಳ" ಎಂದರು. ಪಂಕ್ತಿ ಉರುಳಾಡಿ ನಕ್ಕಿತು. ಗದಗಿನ ಹಿರಿಯರೊಬ್ಬರ ನೆತ್ತಿಗೇರಿದ ಅನ್ನ ಇಳಿಸಲು ನಾಲ್ವರು ಬೆನ್ನು ಗುದ್ದಬೇಕಾಯಿತು. ಸ್ಮಿತಾ ಲೋಟ ಸರಿಸಿ, ಎದ್ದು ಮೇಲೆ ಹೋದಳು.

ನಕ್ಕ ನಲವತ್ತು ಮಂದಿ ಉಂಡು, ಎಲೆಯಡಿಕೆ ಹಾಕಿ, ಊರಿಗೆ ಹೋದರು. ಆಮೇಲೇನಾಯಿತೆಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಗುರುಪಾದಪ್ಪನವರಿಗೆ ಮಾತ್ರ, ಮೊದಲೆಲ್ಲ ಸಂಜೆ ಕಾಲೇಜಿನಿಂದ ಬಂದವಳು ಗೇಟಿನಲ್ಲೇ "ಮಾವ, ಚಹಾ ಆಯ್ತಾ?" ಎಂದು ಕೇಳುತ್ತಿದ್ದದ್ದು ನಿಂತುಹೋಗಿ, ಚಹಾ ಕುಡಿದರೂ ಕುಡಿದ ಹಾಗೆ ಆಗುತ್ತಿರಲಿಲ್ಲ.

"ತಪ್ಪಾತು ಅಂತ ಒಂದು ಮಾತು ಅನ್ರಿ, ಮುಗೀತೈತಿ" ಎಂದು ಕಾಶವ್ವ ಹೇಳಿ ಹೇಳಿ ದಣಿದಿದ್ದಳು.

"ಅನ್ನೂದಿಲ್ಲ ಅಂದೆನೇನು? ಬ್ಯಾರೆ ರೀತಿ ಅಂತೀನಿ."

ಆ ಬೇರೆ ರೀತಿ ಹಬ್ಬದ ಮುನ್ನಾದಿನ ಮೊಬೈಲಿನಲ್ಲಿ ಅವತರಿಸಿತು. ಒಬ್ಬಾಕೆ ನಗುನಗುತ್ತ 'ನೋ ಎಗ್, ನೋ ಡೈರಿ' ಎಂದು ಹಬ್ಬದ ಮಸಾಲೆ ಕುಕ್ಕೀಸ್ ಮಾಡುತ್ತಿದ್ದಳು. ತತ್ತಿ ಈ ವಂಶದ ಅಡುಗೆಮನೆಗೆ ಏಳು ತಲೆಮಾರಿನಿಂದ ಕಾಲಿಟ್ಟಿರಲಿಲ್ಲ. ಅರ್ಧ ಪರೀಕ್ಷೆ ಹುಟ್ಟುವಾಗಲೇ ಪಾಸು. ಉಳಿದದ್ದು ಡೈರಿ.

"ಜಾಲಹಳ್ಳಿ ಕಾರ್ಖಾನಿಯೊಳಗ ಮೂವತ್ನಾಕು ವರ್ಷ ಉಕ್ಕು ಬೇಯಿಸಿದಾಂವ ನಾ" ಎಂದು ಗುರುಪಾದಪ್ಪನವರು ಪಂಚೆ ಮೇಲೆ ಕಟ್ಟಿದರು. "ಬಿಸ್ಕೀಟು ಯಾವ ಲೆಕ್ಕ?"

ಮೊದಲ ತಟ್ಟೆ ಶೇಂಗಾ ಎಣ್ಣೆಯದು. ಚಕ್ಕೆ, ಲವಂಗ, ಒಣಶುಂಠಿಯ ಪರಿಮಳ ಹೆಸರಘಟ್ಟ ರಸ್ತೆಯವರೆಗೂ ಹೋಗಿ ಎರಡು ಬಸ್ಸುಗಳನ್ನು ನಿಲ್ಲಿಸಿತು. ಆದರೆ ಕುಕ್ಕೀಸು ಕಾರ್ಖಾನೆಯ ಹದಕ್ಕೇ ಬಂದಿದ್ದವು. ಒಂದು ಕೈಜಾರಿ ಬಿದ್ದು ನೆಲದ ಟೈಲ್ಸ್ ಸೀಳಿತು. ಕುಕ್ಕೀಸಿಗೆ ಏನೂ ಆಗಲಿಲ್ಲ. ಕಾಶವ್ವ ಒಂದನ್ನು ಕಚ್ಚಿ, ಹಲ್ಲುಗಳ ಹಾಜರಿಯನ್ನು ನಾಲಿಗೆಯಿಂದಲೇ ತೆಗೆದುಕೊಂಡಳು.

"ಇದನ್ನ ಕೊಟ್ಟರ ಅಕಿ ಮಾತಲ್ಲ, ಮನೀನ ಬಿಡ್ತಾಳ."

ಮೆತ್ತಗಾಗಲು ಏನು ಮಾಡಬೇಕೆಂದು ಯೋಚಿಸುತ್ತ ಗುರುಪಾದಪ್ಪನವರು ಬೀದಿಗೆ ಬಂದರು. ಹಿಂದಿನ ಬೀದಿಯಲ್ಲಿ ಮುನಿವೆಂಕಟಮ್ಮನ ನಾಲ್ಕಂತಸ್ತಿನ ಕಟ್ಟಡ. ಊರು ಹಳ್ಳಿಯಾಗಿದ್ದಾಗಿನಿಂದ ಇದ್ದವಳು. ಹೊಲ ಹೋಗಿ ಕಟ್ಟಡ ಬಂದರೂ ಹಸು ಬಿಟ್ಟಿರಲಿಲ್ಲ. ಕೆಳಗಿನ ಪಾರ್ಕಿಂಗಿನಲ್ಲಿ, ಬಾಡಿಗೆದಾರರ ಎರಡು ಕಾರುಗಳ ನಡುವೆ, ಹಸು ಮತ್ತು ಕರು ತಮ್ಮ ಜಾಗದಲ್ಲಿ ನಿಂತಿದ್ದವು. ಮುನಿವೆಂಕಟಮ್ಮ ಬೆಣ್ಣೆ ತೆಗೆಯುತ್ತಿದ್ದಳು.

"ಡೈರಿಗೆ ಹಾಕ್ತೀರೇನ್ರಿ?" ಎಂದರು ಗುರುಪಾದಪ್ಪ.

"ಅಯ್ಯೋ ಬುಡಿ ಸ್ವಾಮಿ, ಡೈರಿಗ್ ಒಂದ್ ತೊಟ್ಟೂ ಆಕಾಕಿಲ್ಲ. ಕರಾ ಒಟ್ಟೆ ತುಂಬ ಕುಡ್ದು ಮಿಕ್ಕಿದ್ರೆ ನಮ್ಗೆ."

ಗುರುಪಾದಪ್ಪನವರಿಗೆ ಜ್ಞಾನೋದಯವಾಯಿತು. ಡೈರಿ ಎಂದರೇನು? ಕ್ಯಾನು, ಲಾರಿ, ಯಂತ್ರ, ಪ್ಯಾಕೆಟ್ಟು. ಇಲ್ಲಿ ಅವೊಂದೂ ಇಲ್ಲ. ಕರುವೋ, ಕುಡಿದದ್ದು ಹೆಚ್ಚಾಗಿ ಕಾರಿಗೆ ಒರಗಿ ತೇಗುತ್ತಿದೆ. ಅಂದಮೇಲೆ ಇದು ಬೆಣ್ಣೆಯಿರಬಹುದು, ಡೈರಿಯಂತೂ ಅಲ್ಲ.

"ಅಲ್ರೀ, ಬೆಣ್ಣಿ ಅಂದರ ಬೆಣ್ಣಿನ ಅಲ್ಲೇನು?" ಎಂದಳು ಕಾಶವ್ವ, ಗಂಡ ಕೊಂಡು ತಂದ ಬೆಣ್ಣೆಯ ಬಟ್ಟಲು ನೋಡಿ. "ಒಂದು ಮಾತು ಸ್ಮಿತಾನ್ನ ಕೇಳಿ ಬರ್ಲೇನು?"

"ಬ್ಯಾಡ. ಕೇಳಿದರ ಗುಟ್ಟು ಎಲ್ಲಿ ಉಳೀತು? ಇದು ಡೈರಿಗೆ ಹಾಕಿದ್ದಲ್ಲ. ನಿನಗ ತಾಂತ್ರಿಕ ವಿಷಯ ತಿಳಿಯೂದಿಲ್ಲ, ಬಾಯಿ ಮುಚ್ಚು."

ಎರಡನೆಯ ತಟ್ಟೆ ಬಾಯಿಗಿಟ್ಟರೆ ಕರಗಿತು.

ಹಬ್ಬದ ಅಡುಗೆ ಆ ಸಲ ಮೇಲಿನ ಮನೆಯಲ್ಲಿ. ಮಧ್ಯಾಹ್ನ ಗುರುಪಾದಪ್ಪನವರು ಡಬ್ಬಿ ಹಿಡಿದು, ತಿಂಗಳುಗಳ ನಂತರ ಹದಿನೆಂಟು ಮೆಟ್ಟಿಲನ್ನು ಹಿಮಾಲಯದಂತೆ ಹತ್ತಿದರು. ಸ್ಮಿತಾ ಬಾಗಿಲು ತೆಗೆದಳು.

"ತತ್ತಿ ಇಲ್ಲ, ಡೈರಿ ಇಲ್ಲವ್ವಾ. ನಾನ ಮಾಡೀನಿ."

ಅವಳು ಡಬ್ಬಿ ನೋಡಿದಳು, ಅವರ ಬೆರಳಿನ ಸುಟ್ಟ ಗಾಯ ನೋಡಿದಳು. ಒಂದು ತಿಂದಳು. ಅವಳ ಕಣ್ಣು ತುಂಬಿತು.

"ನನಗೋಸ್ಕರ ಮಾಡಿದ್ರಾ ಮಾವ?"

ಮಾವ. ಗುರುಪಾದಪ್ಪನವರು ಡಬ್ಬಿಯನ್ನು ಅವಳತ್ತ ಇನ್ನಷ್ಟು ಚಾಚಿದರು. ಅವಳು ಎರಡನೆಯದನ್ನೂ ಬಾಯಿಗೆ ಹಾಕಿಕೊಂಡು, "ಎಷ್ಟ್ ಮೆತ್ತಗಿದೆ. ಬೆಣ್ಣೆ ಇಲ್ದೆ ಹೆಂಗ್ ಬಂತು?" ಎಂದಳು.

ಬುದ್ಧಿವಂತನಾದವನು ಇಲ್ಲಿ 'ಎಲ್ಲಾ ಶಿವನ ದಯ' ಎಂದು ಇಳಿದು ಹೋಗುತ್ತಿದ್ದ. ಗುರುಪಾದಪ್ಪನವರು ವಿವರಿಸಿದರು. ಮುನಿವೆಂಕಟಮ್ಮ, ಪಾರ್ಕಿಂಗು, ಕರುವಿನ ತೇಗು, ಒಂದನ್ನೂ ಬಿಡಲಿಲ್ಲ.

ಸ್ಮಿತಾ ಅಗಿಯುವುದನ್ನು ನಿಲ್ಲಿಸಿದಳು. ಒಳಗೆ ಹೋಗಿ ಬಾಯಿ ತೊಳೆದುಕೊಂಡು ಬಂದಳು. ದನಿ ಏರಿಸಲಿಲ್ಲ, ಏರಿಸಿದ್ದರೆ ಎಷ್ಟೋ ವಾಸಿಯಿತ್ತು.

"ಒಂದ್ ಮಾತು ಕೇಳ್ಬಹುದಿತ್ತು ಮಾವ. ನಂಗೆ ಕುಕ್ಕೀಸ್ ಬೇಕಿರ್ಲಿಲ್ಲ. ಅಷ್ಟ್ ಜನದ್ ಮುಂದೆ ಅಂದಿದ್ದಕ್ಕೆ ತಪ್ಪಾಯ್ತು ಅಂದಿದ್ರೆ ಸಾಕಿತ್ತು. ಅದಕ್ಕೆ ಬೆಣ್ಣೆನೂ ಬೇಡ, ಎಣ್ಣೆನೂ ಬೇಡ."

'ತಪ್ಪಾತವ್ವಾ' ಎಂಬ ಮಾತು ಗುರುಪಾದಪ್ಪನವರ ಎದೆಯಿಂದ ಹೊರಟು ಗಂಟಲಿಗೆ ಬಂದಿತ್ತು, ನಿಜ. ಆದರೆ ನಾಲಿಗೆಯ ತುದಿಯಲ್ಲಿ ಮೊದಲೇ ಒಂದು ಜೋಕು ಬಂದು ಕ್ಯೂ ನಿಂತಿತ್ತು.

"ಹಂಗಾದರ ಆ ಹಸುವಿಗೂ ಒಂದು ತಪ್ಪಾತು ಹೇಳಿ ಬರ್ತೀನಿ ಬಿಡವ್ವಾ. ಇಬ್ಬರದೂ ಒಮ್ಮೆಲೇ ಮುಗೀತೈತಿ."

ಹೂವು ತರಲು ಹೋಗಿದ್ದ ಶರಣು ಆಗಷ್ಟೇ ಮೆಟ್ಟಿಲು ಹತ್ತಿ ಬಂದಿದ್ದ. ಅವನು ಫಕ್ಕನೆ ನಕ್ಕುಬಿಟ್ಟ.

ಬಾಗಿಲು ಮುಚ್ಚಿತು. ಹೊರಗೆ ಇಬ್ಬರು ಉಳಿದರು.

ಸ್ವಲ್ಪ ಹೊತ್ತಿಗೆ ಕಾಶವ್ವ ಹೋಳಿಗೆಯ ಹೂರಣದ ಪಾತ್ರೆ ಹಿಡಿದು ಮೇಲೆ ಬಂದಳು. ಮೆಟ್ಟಿಲ ಮೇಲೆ ಕೂತ ಗಂಡನನ್ನೂ ಮಗನನ್ನೂ ನೋಡಿದಳು.

"ಆ ಕಡೆ ಸರೀರಿ" ಎಂದು ಇಬ್ಬರನ್ನೂ ದಾಟಿ ಬಾಗಿಲು ತಟ್ಟಿದಳು. ಬಾಗಿಲು ಅವಳೊಬ್ಬಳು ಹಿಡಿಸುವಷ್ಟೇ ತೆರೆದು ಮತ್ತೆ ಮುಚ್ಚಿಕೊಂಡಿತು.

ಒಳಗಿನಿಂದ ಹೋಳಿಗೆ ಬೇಯುವ ವಾಸನೆ ಬಂತು. ಶರಣು ಹಸಿವು ತಡೆಯಲಾರದೆ ಡಬ್ಬಿಗೆ ಕೈ ಹಾಕಿದ.

"ಬೆಣ್ಣಿ ಭಾಳ ಚಲೋ ಐತಪ್ಪಾ."

ಗುರುಪಾದಪ್ಪನವರಿಗೆ ಅದಕ್ಕೂ ಒಂದು ಜೋಕು ಹೊಳೆಯಿತು. ಅದು ಹೊರಬೀಳುವ ಮೊದಲೇ ಬಾಯಿಗೆ ಒಂದು ಕುಕ್ಕೀಸು ತುರುಕಿಕೊಂಡರು.