ಏಳು ತೂತಿನ ಕಾರು

ಜಗತ್ತಿನ ಕಲಹಗಳಿಗೆಲ್ಲ ನೆಲ, ನೀರು, ಗಡಿ ಎಂದು ಪಂಡಿತರು ನಾನಾ ಕಾರಣಗಳನ್ನು ಹೇಳಿಯಾರು. ಆದರೆ ಮನುಷ್ಯನ ನೆಮ್ಮದಿಯನ್ನು ಬುಡಸಮೇತ ಅಲುಗಿಸಬಲ್ಲ ಮಹತ್ವದ ವಸ್ತುವೊಂದು ಇನ್ನೂ ಅವರ ಗಮನಕ್ಕೆ ಬಂದಿಲ್ಲ. ಅದೇ ತೂತು. ಅದರಲ್ಲೂ ಎಲೆಕ್ಟ್ರಿಕ್ ಕಾರಿನ ಪಕ್ಕೆಯಲ್ಲಿರುವ ಚಾರ್ಜಿಂಗಿನ ತೂತು.

ಕನ್ನಡಕದಂಗಡಿಯವನು ಆ ಮಧ್ಯಾಹ್ನ ಬೀದಿ ಕೊನೆಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ತನ್ನ ಹೊಸ ಕಾರಿನೆದುರು ಕುಕ್ಕರುಗಾಲಲ್ಲಿ ಕೂತಿದ್ದ. ಕಾರಿಗೆ ಏಳು ತೂತು. ಸ್ಟೇಷನ್ನಿನ ಕೇಬಲ್ ತುದಿಯ ಗನ್ನಿಗೆ ಐದೇ ಪಿನ್ನು. ಹಾಗೆ ತಿರುಗಿಸಿದ, ಹೀಗೆ ತಿರುಗಿಸಿದ, ಔಷಧಿ ಒಲ್ಲದ ಮಗುವಿನ ಬಾಯಿಗೆ ಚಮಚ ತುರುಕುವಂತೆ ಒತ್ತಿದ. ಕಾರು ಹಲ್ಲು ಕಚ್ಚಿಕೊಂಡೇ ಇತ್ತು.

ಸಂಜೆಯ ರೈಲಿಗೆ ಹೆಂಡತಿ ತನ್ನ ತಾಯಿಯೊಂದಿಗೆ ಬರುವವಳಿದ್ದಳು. "ಎದುರುಮನೆ ಮೇಷ್ಟ್ರ ಹತ್ರ ಇರೋ ಅಂಥದ್ದೇ ತಗೊಳ್ಳಿ" ಎಂದು ಅವಳು ಹೇಳಿದ್ದಳು. "ಕಾರಿನ ವಿಷಯ ನನಗೆ ಬಿಡು" ಎಂದು ಇವನು ಬೇರೆಯದನ್ನೇ ತಂದಿದ್ದ. ಶೋರೂಮಿನವರು ತುಂಬಿಸಿಕೊಟ್ಟ ಚಾರ್ಜು ಸ್ನೇಹಿತರಿಗೆಲ್ಲ ತೋರಿಸಿ ಬರುವುದರಲ್ಲೇ ಖಾಲಿಯಾಗಿತ್ತು. ಇಂದು ಈ ಕಾರು ಅತ್ತೆಯ ಕಣ್ಣೆದುರು ಹೋಗಿ ನಿಲ್ಲದಿದ್ದರೆ, ಇನ್ನು ಮುಂದೆ ಮನೆಗೊಂದು ಸೌಟು ಕೊಳ್ಳುವ ಅಧಿಕಾರವೂ ಅವನಿಗೆ ಉಳಿಯುತ್ತಿರಲಿಲ್ಲ.

"ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತೀರಿ, ಇಷ್ಟು ದೊಡ್ಡ ತೂತು ಕಾಣಲಿಲ್ವೇನ್ರೀ?" ಎಂದರು ಅಲ್ಲಿಗೆ ಬಂದ ಮೇಷ್ಟ್ರು.

"ಎರಡು ಪಿನ್ನು ಕಮ್ಮಿ ತಾನೆ? ಕಮ್ಮಿ ಇದ್ರೆ ಇನ್ನೂ ಸಲೀಸಾಗಿ ಹೋಗ್ಬೇಕಲ್ಲ!" ಎಂದ ಪಕ್ಕದ ಅಂಗಡಿಯ ದರ್ಜಿ. "ಬಿಡಿ ಅಣ್ಣಾ, ನಮ್ಮಂಗಡಿ ಪ್ಲಗ್ಗಿಗೇ ಹಾಕಿ."

ಕಾರಿನ ಜೊತೆ ಬಂದಿದ್ದ ಮನೆಬಳಕೆಯ ವೈರನ್ನು ಎಳೆದು ಹಾಕಿದರು. ನಾಳೆ ಮಧ್ಯಾಹ್ನಕ್ಕೆ ಚಾರ್ಜು ತುಂಬುತ್ತದೆ ಎಂದು ಕಾರು ಸಾವಧಾನವಾಗಿ ತಿಳಿಸಿತು. ಅಷ್ಟರಲ್ಲಿ ಫಟ್ ಎಂದು ಫ್ಯೂಸು ಹೋಗಿ ಇಡೀ ಸಾಲಿನ ಅಂಗಡಿಗಳು ಕತ್ತಲಾದವು. ಕ್ಷೌರದಂಗಡಿಯಿಂದ ಅರ್ಧ ಮೀಸೆಯ ಗಿರಾಕಿಯೊಬ್ಬ ಕೊರಳ ಬಟ್ಟೆಯ ಸಮೇತ ಓಡಿಬಂದ.

"ಯಾವನಯ್ಯಾ ಕರೆಂಟು ತೆಗೆದವನು? ಮಿಷನ್ನು ಮೂಗಿನ ಕೆಳಗೇ ನಿಂತೋಯ್ತು!"

ಕನ್ನಡಕದವನ ಪಿತ್ತ ನೆತ್ತಿಗೇರಿತು. "ನನ್ನನ್ನಲ್ಲ, ಆ ಕಂಪನಿಯವರನ್ನ ಕೇಳಿ! ಇವತ್ತು ಅವರನ್ನ ನಾನು ಬಿಡೋದಿಲ್ಲ" ಎಂದು ಹೊರಟ. ಕಾರು ದಾರಿಗೆ ಅಡ್ಡ ನಿಂತಿದ್ದರಿಂದ ಕೀಲಿಕೈಯನ್ನು ದರ್ಜಿ ಇಸಿದುಕೊಂಡ.

ಸ್ಟೇಷನ್ ನಡೆಸುವ ಕಂಪನಿಯ ಆಫೀಸಿನಲ್ಲಿ ಮ್ಯಾನೇಜರ್ ಫ್ರಿಜ್ಜಿನಿಂದ ಈಗಷ್ಟೇ ತೆಗೆದ ಸೌತೆಕಾಯಿಯಂತೆ ತಣ್ಣಗೆ ಕೂತಿದ್ದ.

"ಸ್ಟ್ಯಾಂಡರ್ಡ್ ಅಂತ ಒಂದು ಬೇಡ್ವೇನ್ರೀ ನಿಮಗೆ?"

"ಇದೆ ಸಾರ್. ಒಂದಲ್ಲ, ನಾಲ್ಕಿದೆ. ನಿಮ್ಮ ಕಾರು ಅದರಲ್ಲಿ ನಾಲ್ಕನೇದು."

"ಮತ್ತೆ ನಮ್ಮ ಬೀದೀಲಿ?"

"ಅಲ್ಲಿ ಎರಡನೇದು. ನೀವು ಬೀದಿ ಬದಲಾಯಿಸಬಹುದು ಸಾರ್."

ಕನ್ನಡಕದವನು ಮೇಜು ಗುದ್ದಿದ. "ಪೆಟ್ರೋಲ್ ಬಂಕಲ್ಲಿ ಯಾರಾದ್ರೂ 'ನಿನ್ನ ಟ್ಯಾಂಕಿನ ಬಾಯಿ ನಮ್ಮ ಜಾತಿದಲ್ಲ' ಅಂತ ವಾಪಸ್ ಕಳಿಸಿದ್ದಾರಾ? ನನ್ನ ಅಂಗಡಿಗೆ ಬಂದವನಿಗೆ, 'ನಿನ್ನ ಮೂಗಿಗೆ ಈ ಫ್ರೇಮು ಕೂರಲ್ಲ, ಹೋಗಿ ಬೇರೆ ಮೂಗು ಹಾಕಿಸ್ಕೊಂಡು ಬಾ' ಅಂದ್ರೆ ಸುಮ್ನೆ ಬಿಡ್ತಾನೇನ್ರೀ?"

ಕಾದು ಕೂತಿದ್ದವರು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಳ್ಳತೊಡಗಿದಳು. ಮ್ಯಾನೇಜರನ ಹಣೆಯಲ್ಲಿ ಮೊದಲ ಸಲ ಬೆವರು ಕಾಣಿಸಿತು.

"ಏಯ್, ಏಳು ಪಿನ್ನಿನ ಗನ್ ತಗೊಂಡು ಸಾರ್ ಜೊತೆ ಹೋಗು. ಈಗಲೇ!" ಎಂದು ಮೆಕ್ಯಾನಿಕ್ಕನನ್ನು ಕೂಗಿದ.

ಮೆಕ್ಯಾನಿಕ್ಕನ ಬೈಕಿನ ಹಿಂದೆ ಕನ್ನಡಕದವನು ದಂಡೆತ್ತಿ ಹೋಗಿ ಗೆದ್ದುಬಂದ ರಾಜನಂತೆ ಕೂತು ಬಂದ. ಸ್ಟೇಷನ್ನಿನಲ್ಲಿ ಕಾರಿರಲಿಲ್ಲ; ಎಲ್ಲೋ ನೆರಳಿಗೆ ತಳ್ಳಿರಬೇಕು ಎಂದುಕೊಂಡ. ಮೆಕ್ಯಾನಿಕ್ ಐದು ಪಿನ್ನಿನದನ್ನು ಬಿಚ್ಚಿ, ಏಳು ಪಿನ್ನಿನದನ್ನು ಬಿಗಿದು, ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಅವನ ಬೈಕು ಮರೆಯಾಗುತ್ತಲೇ ತಿರುವಿನಲ್ಲಿ ಕಾರು ಕಾಣಿಸಿತು. ದರ್ಜಿ ಮತ್ತು ಅರ್ಧ ಮೀಸೆಯವನು ಹಿಂದಿನಿಂದ ತಳ್ಳುತ್ತಿದ್ದರು. ಸ್ಟಿಯರಿಂಗ್ ಹಿಡಿದು ಕೂತವನು ಹೆಂಡತಿಯ ತಮ್ಮ, ಗ್ಯಾರೇಜ್ ಇಟ್ಟಿದ್ದವನು.

"ಭಾವಾ! ಮೇಷ್ಟ್ರು ಫೋನ್ ಮಾಡಿ ಎಲ್ಲಾ ಹೇಳಿದ್ರು" ಎಂದ ಅವನು ಕೈ ಒರೆಸಿಕೊಳ್ಳುತ್ತ. "ಈ ಕಂಪನಿಯವರ ಹತ್ರ ಜಗಳ ಆಡಿ ಯಾರು ಗೆದ್ದಿದ್ದಾರೆ ಹೇಳಿ? ಗುಜರಿಗೆ ಬಂದ ಕಾರಿನ ಚಾರ್ಜಿಂಗ್ ಸಾಕೆಟ್ಟೇ ತೆಗೆದು ನಿಮ್ಮದಕ್ಕೆ ಕೂರಿಸ್ಬಿಟ್ಟೆ. ಅಕ್ಕ ಬರೋ ಹೊತ್ತಿಗೆ ಮುಗೀಲಿ ಅಂತ ಊಟಾನೂ ಮಾಡಿಲ್ಲ!"

ಕನ್ನಡಕದವನು ಮುಚ್ಚಳ ಎತ್ತಿದ. ಅಚ್ಚುಕಟ್ಟಾಗಿ ಐದು ತೂತು.

"ಹಳೇದು?" ಎಂದ.

"ತೆಗೆಯುವಾಗ ಒಡೀತು ಭಾವಾ. ಅದ್ಯಾಕೆ ಇನ್ನು?"

ಆಫೀಸಿಗೆ ಫೋನು ಮಾಡಿದ. ಕೆಲಸದ ವೇಳೆ ಮುಗಿದಿದೆ, ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹೆಣ್ಣು ದನಿಯೊಂದು ಮೃದುವಾಗಿ ಹೇಳಿತು. ಅದೇ ಹೊತ್ತಿಗೆ ಮೇಷ್ಟ್ರ ಕಾರು ತೆವಳುತ್ತ ಬಂದು ಹಿಂದೆ ನಿಂತಿತು.

"ಸ್ವಲ್ಪ ಸರೀರಿ" ಎಂದು ಇಳಿದ ಮೇಷ್ಟ್ರು ಕೇಬಲ್ ಎತ್ತಿಕೊಂಡರು. ಹಾಗೆ ತಿರುಗಿಸಿದರು, ಹೀಗೆ ತಿರುಗಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಪಿನ್ನುಗಳನ್ನು ಎಣಿಸಿದರು.

"ಇದನ್ನ ಬದಲಾಯಿಸಿದ ಅಯೋಗ್ಯ ಯಾರು?"

ಅರ್ಧ ಮೀಸೆಯವನು ಕನ್ನಡಕದಂಗಡಿಯವನತ್ತ ಬೆರಳು ತೋರಿಸಿದ.

ಹೆಂಡತಿ ಮತ್ತು ಅತ್ತೆ ರೈಲಿಳಿದು ಬಸ್ಸಿನಲ್ಲಿ ಬಂದರು.