ಶಹಾಪುರದ ಫ್ರೆಂಚ್ ಮಾಸ್ತರ

ಯಾರಿಗೂ ಬೇಡವಾದದ್ದನ್ನು ಕಲಿಸುವವನಿಗೆ ಬಿಡುವು ಬಹಳ. ಶಹಾಪುರದ ಕಾಲೇಜೊಂದರಲ್ಲಿ ಫ್ರೆಂಚ್ ಕಲಿಸುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ಹೈದರಾಬಾದಿನಲ್ಲಿ ನಾನು ಓದುವಾಗ ಫ್ರೆಂಚ್ ತರಗತಿಯಲ್ಲಿ ಜಾಗ ಸಿಗದೆ ಕಿಟಕಿಯ ಕಟ್ಟೆ ಏರುತ್ತಿದ್ದೆವು. ಹೋದ ವರ್ಷ ಹೋಗಿ ನೋಡಿದರೆ ಆ ಕೋಣೆಯಲ್ಲಿ ಹಳೆಯ ಉತ್ತರಪತ್ರಿಕೆಗಳ ಗಂಟು ಪೇರಿಸಿದ್ದರು. ವಿಶ್ವವಿದ್ಯಾಲಯದಲ್ಲೇ ಹೀಗಾದ ಮೇಲೆ ಇಲ್ಲಿಯ ಗತಿ ಏನು ಹೇಳುವುದು? ಮೊದಲ ವರ್ಷ ನನಗೆ ಹನ್ನೊಂದು ಮಂದಿ ವಿದ್ಯಾರ್ಥಿಗಳಿದ್ದರು. ಈಗ ರೇಣುಕಾ ಒಬ್ಬಳೇ. ಅವಳು ಬಂದರೆ ತರಗತಿ, ಬಾರದಿದ್ದರೆ ರಜೆ.

ಒಂದು ದಿನ ಪ್ರಿನ್ಸಿಪಾಲರು ಕರೆದು, "ಸರ, ಶನಿವಾರದೊಳಗ ಐದು ಹೆಸರು ಕೊಡ್ರಿ. ಇಲ್ಲಂದ್ರ ವಿಭಾಗ ಮುಚ್ಚಬೇಕಾಗ್ತದ" ಎಂದರು.

ರೇಣುಕಾಳ ತಂದೆ ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದವರು. "ನಮ್ಮ ಕಡಿ ಹುಡಿಗ್ಯಾರು ಪಿಯುಸಿ ಪಾಸಾಗ್ಯಾರ್ರಿ ಸರ, ಕೇಳಿ ನೋಡೋಣು ಬರ್ರಿ" ಎಂದು ಅವಳೇ ಕರೆದೊಯ್ದಳು. ಮೊದಲ ಮನೆಯ ತಾಯಿ ಚಹಾ ಕೊಟ್ಟು, ಫ್ರೆಂಚಿನ ಹಿರಿಮೆಯ ಕುರಿತ ನನ್ನ ಉಪನ್ಯಾಸವನ್ನು ಪೂರ್ತಿ ಕೇಳಿದರು. "ಹೊಸದು ಕಲಿಯಾಕ ನಮಗ ಬ್ಯಾಸರಿಲ್ರಿ. ಕಾಲುವಿ ಬಂದ ಮ್ಯಾಲ ಜ್ವಾಳ ಬಿಟ್ಟು ನೆಲ್ಲು ಹಚ್ಚೋದು ಕಲ್ತೀವಿ. ಆದ್ರ ಆ ನೆಲ್ಲು ಉಣ್ಣಾಕ ಬರ್ತದ" ಎಂದರು. ಉಳಿದ ಚಹಾ ಕುಡಿದು ಎದ್ದೆ. ಎರಡನೆಯ ಮನೆಯ ಹುಡುಗಿ, "ಹಿಂದಿ ಸರ ಇಂಪಾರ್ಟೆಂಟ್ ಪ್ರಶ್ನಿ ಹೇಳ್ತಾರಂತ್ರಿ. ನೀವೂ ಹೇಳ್ತೀರೇನು?" ಎಂದಳು. ಎಲ್ಲವೂ ಇಂಪಾರ್ಟೆಂಟೇ ಎಂದುಬಿಟ್ಟೆ. ಅಲ್ಲಿಗೆ ಅದೂ ಮುಗಿಯಿತು. ಉಳಿದ ಮನೆಗಳಿಗೆ ಬೀಗ. ಎಲ್ಲರೂ ಭತ್ತದ ನಾಟಿಗೆ ಹೋಗಿದ್ದರು.

ಕಾಲುವೆಯ ದಂಡೆಯ ಮೇಲೆ ಮರಳುವಾಗ, ನೀನಾದರೂ ಯಾಕೆ ಫ್ರೆಂಚ್ ತೆಗೆದುಕೊಂಡೆ ಎಂದು ರೇಣುಕಾಳನ್ನು ಕೇಳಿದೆ.

"ಮನ್ಯಾಗ ಜೋರಾಗಿ ಓದ್ತೀನ್ರಿ. ಅಪ್ಪಗ ಒಂದೂ ತಿಳಿಯಂಗಿಲ್ಲ, ಆದ್ರ ಕೆಲಸ ಬಿಟ್ಟು ಕುಂತು ಕೇಳ್ತಾನ."

ನಾಲ್ಕು ಹೆಜ್ಜೆ ನಡೆದೆವು. ಅವಳೇ ಮುಂದುವರಿಸಿ, "ನಿಮ್ಮ ಮಗಳು ಸುಮಾನೂ ಈ ವರ್ಷ ನಮ್ಮ ಕಾಲೇಜಿಗೇ ಸೇರ್ಯಾಳಲ್ರಿ? ಆಕಿ ಬಂದ್ರ ಇಬ್ಬರಾಗ್ತೀವಿ" ಎಂದಳು. ಇಷ್ಟು ದಿನ ಇದು ನನಗೇಕೆ ಹೊಳೆಯಲಿಲ್ಲ? ಇಬ್ಬರಿದ್ದರೆ ಪ್ರಿನ್ಸಿಪಾಲರ ಕೈಕಾಲು ಹಿಡಿದು ಒಂದು ವರ್ಷ ತಳ್ಳಬಹುದು. ಮನೆಗೆ ಓಡಿದೆ.

ಸುಮಾ ಊಟ ಮಾಡುತ್ತಿದ್ದಳು. "ಅಪ್ಪಾ, ನಾ ಹಿಂದಿ ತಗೊಂಡೀನಿ. ಫಾರ್ಮಿಗಿ ನೀನೇ ಸಹಿ ಮಾಡೀದಿ. ಓದಿಲ್ಲೇನು?" ಎಂದಳು.

ಓದಿರಲಿಲ್ಲ. ಊರ ಮಕ್ಕಳಿಗೆಲ್ಲ ಫ್ರೆಂಚ್ ಬೇಕು ಎನ್ನುವವನು ಮಗಳನ್ನು ಒಂದು ಮಾತೂ ಕೇಳಿರಲಿಲ್ಲ.

ಶನಿವಾರ ರೇಣುಕಾ ಹಿಂದಿಗೆ ಬದಲಾಗುವ ಅರ್ಜಿ ಹಿಡಿದು ಬಂದಳು. ಹೋಗುವಾಗ ಫ್ರೆಂಚಿನಲ್ಲಿ ವಂದನೆ ಹೇಳಿದಳು. ಉಚ್ಚಾರ ಒಂದಿಷ್ಟೂ ತಪ್ಪಿರಲಿಲ್ಲ. ಮಧ್ಯಾಹ್ನ ಪ್ರಿನ್ಸಿಪಾಲರು ವಿಭಾಗ ಮುಚ್ಚುವ ಪತ್ರವನ್ನು ನನ್ನ ಮುಂದಿಟ್ಟರು. ಅದನ್ನು ಮಾತ್ರ ಎರಡು ಸಲ ಓದಿ, ಎರಡು ಕಾಗುಣಿತದ ತಪ್ಪು ತಿದ್ದಿ, ಸಹಿ ಹಾಕಿ ಕೊಟ್ಟೆ.