ಬ್ರೆಡ್ಡಿನ ಆಟೊ ಸುಮ್ಮನಾದ ದಿನ

ಸೆನುರಿಗೆ ನಾಲ್ಕು ತುಂಬಿದ್ದರೂ ಬಾಯಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಅದೂ ಒಂದೇ ಹಾಡು, ಅವಳಪ್ಪ ವಿಪುಲಸೇನ ಓಣಿ ಓಣಿ ಸುತ್ತಿ ಬ್ರೆಡ್ ಮಾರುವಾಗ ಆಟೊದಲ್ಲಿ ಹಾಕುವುದು. ನೀರು ಬೇಕಾದರೂ ಅದನ್ನೇ ಗುನುಗುವಳು, ನಿದ್ದೆ ಬಂದರೂ ಅದನ್ನೇ. ಬೆಕ್ಕು ಕಂಡರೆ ಸ್ವಲ್ಪ ಮೇಲಿನ ದನಿ, ನಾಯಿ ಕಂಡರೆ ಸ್ವಲ್ಪ ಕೆಳಗಿನ ದನಿ. ಅಪ್ಪನಿಗೆ ಎಲ್ಲ ತಿಳಿಯುತ್ತಿತ್ತು. ಅವನೊಬ್ಬನಿಗೇ ತಿಳಿಯುತ್ತಿತ್ತು ಅನ್ನುವುದೇ ತೊಂದರೆ.

ಶುಕ್ರವಾರ ಸಂಜೆ ಬ್ರೆಡ್ ಕೊಳ್ಳಲು ಬಂದ ಮಾಂಟೆಸ್ಸರಿಯ ಮಲ್ಕಾಂತಿ ಟೀಚರ್ ಈ ವಿಷಯ ಎತ್ತಿದರು. ಜನವರಿಗೆ ಜೊತೆಯ ಮಕ್ಕಳೆಲ್ಲ ದೊಡ್ಡವರ ಕ್ಲಾಸಿಗೆ ಹೋಗುತ್ತಾರೆ, ಒಂದು ವಾಕ್ಯವನ್ನೂ ಆಡದ ಮಗುವನ್ನು ಹೇಗೆ ಕಳಿಸುವುದು? ಚಾರ್ಟು ತೋರಿಸಿ ಉರು ಹೊಡೆಸಿದರೆ ಮಾತು ಬರುವುದಿಲ್ಲ. ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಿರಬೇಕು, ಮನಸ್ಸು ಬಿಚ್ಚಿ ಮಾತಾಡುವವರ ನಡುವೆ ಮಗುವನ್ನು ಕೂರಿಸಬೇಕು.

"ಬೆಳಿಗ್ಗೆಯಿಂದ ಸಂಜೆವರೆಗೆ ಆ ಹಾಡು ಹಾಕ್ಕೊಂಡು ತಿರುಗ್ತೀಯ, ಮಗುಗೆ ಹಾಡು ಬಂದಿದೆ. ನಾಳೆ ಒಂದಿನ ಅದನ್ನ ಆರಿಸಿ ಅವಳ ಹತ್ರ ಮಾತಾಡಪ್ಪ. ಸಂಜೆ ಬಂದು ಕೇಳ್ತೀನಿ. ಒಂದೇ ಒಂದು ವಾಕ್ಯ ಹೇಳಿದ್ರೂ ಸಾಕು, ದೊಡ್ಡ ಕ್ಲಾಸಿಗೆ ಹಾಕ್ತೀನಿ."

ಶನಿವಾರ ಮಾಂಟೆಸ್ಸರಿಗೆ ರಜೆ. ಹೆಂಡತಿ ಗಾರ್ಮೆಂಟ್ಸ್ ಬಸ್ಸು ಹತ್ತಿದ ಮೇಲೆ ವಿಪುಲಸೇನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಕಡಲ ಕಡೆಯಿಂದ ಮಂಜು ಬಂದು ಪೊಲ್ವತ್ತ ಓಣಿಯ ಬೇಲಿಗಳ ಮೇಲೆಲ್ಲ ಕೂತಿತ್ತು. ತೆಂಗಿನ ಮರಗಳಿಗೆ ಬುಡವೇ ಇಲ್ಲವೇನೋ, ಗರಿಗಳಷ್ಟೇ ತೇಲುತ್ತಿವೆಯೇನೋ ಅನ್ನುವ ಹಾಗಿತ್ತು. ಹಿಂದಿನ ಗಾಜಿನ ಪೆಟ್ಟಿಗೆಯಿಂದ ಬಿಸಿ ಬ್ರೆಡ್ಡಿನ ವಾಸನೆ. ಅರೆನಿದ್ದೆಯ ಮಗು ಅಪ್ಪನ ತೋಳಿಗೆ ಒರಗಿತ್ತು. ಅವನು ಹಾಡಿನ ಸ್ವಿಚ್ಚು ಆರಿಸಿದ. ಓಣಿಯಲ್ಲಿ ಅಷ್ಟೊಂದು ಮೌನ ಇರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಮಾತೆಂದರೆ ವಿಪುಲಸೇನನಿಗೂ ಅಷ್ಟಕ್ಕಷ್ಟೆ. ಆದರೂ ಮೆಲ್ಲನೆ ಶುರು ಮಾಡಿದ. ಇದು ಮಂಜು, ಅದು ಕಾಗೆ, ಹಿಂದೆ ಇರುವುದು ಸಕ್ಕರೆ ಉದುರಿಸಿದ ಮೊಸಳೆ ಬನ್ನು, ಮೊಸಳೆ ಇರುವುದು ಹೊಳೆಯಲ್ಲಿ, ಇದು ಬರೀ ಹೆಸರಿಗೆ ಮೊಸಳೆ. ಹೇಳುತ್ತ ಹೇಳುತ್ತ ಅವನಿಗೇ ಹಿತವಾಯಿತು. ಲೋಕಕ್ಕೆಲ್ಲ ತಾನೇ ಹೆಸರಿಡುತ್ತಿದ್ದೇನೆ ಅನ್ನಿಸಿ ವ್ಯಾಪಾರವೇ ಮರೆತುಹೋಯಿತು.

ಮರೆತದ್ದು ಅದೊಂದೇ ಅಲ್ಲ. ನಮ್ಮ ಕಡೆ ಬ್ರೆಡ್ಡಿನ ಆಟೊ ಮಳೆಯಲ್ಲೂ ಹಾಡುತ್ತದೆ, ಹಬ್ಬದಲ್ಲೂ ಹಾಡುತ್ತದೆ. ಬಾಯಿ ಮುಚ್ಚಿಕೊಂಡು ಹೋಗುವುದು ಒಂದೇ ಕಾರಣಕ್ಕೆ, ಓಣಿಯಲ್ಲಿ ಯಾರಾದರೂ ತೀರಿಕೊಂಡಿದ್ದರೆ.

ಗೇಟಿನ ಹಿಂದೆ ಚೀಲ ಹಿಡಿದು ಹಾಡಿಗಾಗಿ ಕಾಯುತ್ತಿದ್ದ ಕುಸುಮಕ್ಕನ ಎದುರೇ ಆಟೊ ಸದ್ದಿಲ್ಲದೆ ಬಂತು. ಕುಸುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯಾರ ಮನೇಲಿ ತಮ್ಮಾ?" ಎಂದು ಕೇಳಿದಳು. ವಿಪುಲಸೇನನಿಗೆ ಅದು ಕೇಳಿಸಲೇ ಇಲ್ಲ. ಅವನು ಆಗ ಎದುರಿನ ಜಿನದಾಸಜ್ಜನ ಕಾಂಪೌಂಡಿನ ಮೇಲಿದ್ದ ಬೆಕ್ಕನ್ನು ಮಗಳಿಗೆ ಬೆರಳು ಮಾಡಿ ತೋರಿಸುತ್ತಿದ್ದ.

ಅಷ್ಟೇ ಸಾಕಾಯಿತು. ಅಜ್ಜ ವಾರದಿಂದ ಕೆಮ್ಮುತ್ತಿದ್ದ. ಮಗ ಸೊಸೆ ಕ್ಯಾಂಡಿಗೆ ಹೋಗಿದ್ದರು. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಹೆಣವನ್ನು ಆಗಲೇ ಪೇಟೆಗೆ ಒಯ್ದಿದ್ದಾರೆ, ಕೆಡದ ಹಾಗೆ ಮದ್ದು ಹಾಕಿಸಿ ತರುತ್ತಾರೆ ಎಂದು ಒಬ್ಬರು ಹೇಳಿದ್ದು ನಾಲ್ಕು ಮನೆ ದಾಟುವಷ್ಟರಲ್ಲಿ ಕಣ್ಣಾರೆ ಕಂಡದ್ದಾಯಿತು.

ವಿಪುಲಸೇನ ಉಳಿದ ಓಣಿಗಳನ್ನು ಸುತ್ತಿ, ಅಲ್ಲೂ ಒಂದು ಬ್ರೆಡ್ಡೂ ಮಾರಾಟವಾಗದೆ ಮಧ್ಯಾಹ್ನ ಹಿಂದಿರುಗಿದಾಗ ಪೊಲ್ವತ್ತದ ಉದ್ದಕ್ಕೂ ಸಾವಿನ ಬಿಳಿ ಬಾವುಟಗಳು ತೂಗುತ್ತಿದ್ದವು. ಅಜ್ಜನ ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಬಿಳಿ ಬಟ್ಟೆಯ ಜನ, ಶುಂಠಿ ಚಹಾ. ಸುದ್ದಿ ಕೇಳಿ ಅವನಿಗೆ ನಿಜವಾಗಿಯೂ ದುಃಖವಾಯಿತು. ದಿನಾ ಮೊಸಳೆ ಬನ್ನು ಕೊಳ್ಳುತ್ತಿದ್ದ ಮನುಷ್ಯ. ಸದ್ಯ, ಹಾಡು ಹಾಕಿಕೊಂಡು ಬರಲಿಲ್ಲವಲ್ಲ ಎಂದುಕೊಂಡು ಆಟೊ ನಿಲ್ಲಿಸಿ, ಮಗಳನ್ನು ಹೆಂಗಸರ ನಡುವೆ ಕೂರಿಸಿ, ತಾನೂ ಒಂದು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ.

ಮನಸ್ಸು ಬಿಚ್ಚಿ ಮಾತಾಡುವವರು ಬೇಕೆಂದು ಟೀಚರ್ ಹೇಳಿದ್ದರಲ್ಲ, ಅಲ್ಲಿದ್ದವರೆಲ್ಲ ಅಂಥವರೇ. ಪಾಪ, ಎಷ್ಟು ಒಳ್ಳೆಯವರಾಗಿದ್ದರು ಎಂದು ಒಬ್ಬಳು. ಬಾಯಿ ಮಾತ್ರ ಜೋರು ಎಂದು ಇನ್ನೊಬ್ಬಳು. ಹೋದರಲ್ಲ, ಇನ್ನು ಓಣಿಗೆ ನೆಮ್ಮದಿ ಎಂದು ಕುಸುಮಕ್ಕ ಕಣ್ಣೊರೆಸಿಕೊಂಡಳು. ಎತ್ತೋದು ಎಷ್ಟು ಗಂಟೆಗೆ ಎಂದು ಬಂದವರೆಲ್ಲ ಕೇಳುತ್ತಿದ್ದರು. ಹೊಸಬರು ಬಂದ ಹಾಗೆಲ್ಲ ಇದೇ ಮಾತು ಮೊದಲಿಂದ ಸುತ್ತುತ್ತಿತ್ತು. ಸೆನುರಿ ಬನ್ನಿನ ಮೊಸಳೆಬಾಲ ಚೀಪುತ್ತ ಕಣ್ಣರಳಿಸಿ ಕೇಳುತ್ತಿದ್ದಳು. ಗಾಳಿ, ಬಾವುಟ, ಪಿಸುಮಾತು ಎಲ್ಲ ಸೇರಿ ಆ ಮಧ್ಯಾಹ್ನಕ್ಕೇ ಮಂಪರು ಹತ್ತಿದಂತಿತ್ತು.

ಆಗ ಜಿನದಾಸಜ್ಜನ ಬಾಗಿಲು ತೆರೆಯಿತು. ಕೆಮ್ಮಿನ ಔಷಧಿ ಕುಡಿದು ಮಲಗಿದ್ದ ಅಜ್ಜ ಕೈಯಲ್ಲಿ ಚೀಲ ಹಿಡಿದು ಹೊರಬಂದ. ಬಾವುಟ ನೋಡಿದ, ಜನ ನೋಡಿದ, ಮುಖ ಸಪ್ಪೆ ಮಾಡಿಕೊಂಡು ಖಾಲಿ ಕುರ್ಚಿಯೊಂದರಲ್ಲಿ ಕೂತು ವಿಪುಲಸೇನನ ಕಿವಿಯಲ್ಲಿ ಕೇಳಿದ, "ಯಾರಪ್ಪಾ ಹೋದದ್ದು?"

ಚಹಾ ಸುರಿಯುತ್ತಿದ್ದವಳು ಲೋಟ ತುಂಬಿ ಹರಿದರೂ ಸುರಿಯುತ್ತಲೇ ಇದ್ದಳು. ಆಮೇಲೆ ಎಲ್ಲರ ಕಣ್ಣೂ ವಿಪುಲಸೇನನ ಮೇಲೆ ಬಿದ್ದವು.

"ಹಾಡು ನಿಲ್ಲಿಸಿದ್ದು ನೀನು, ಮನೆ ತೋರಿಸಿದ್ದೂ ನೀನು," ಎಂದಳು ಕುಸುಮಕ್ಕ.

ಮಗಳಿಗೆ ಮಾತು ಕಲಿಸಲು ಹೊರಟಿದ್ದೆ, ತೋರಿಸಿದ್ದು ಬೆಕ್ಕನ್ನು ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಅಜ್ಜನೊಬ್ಬ ಖುಷಿಯಾಗಿದ್ದ. ಇಷ್ಟು ಜನ ತನಗಾಗಿ ಸೇರಿದ್ದಾರೆ ಎಂದು ತಿಳಿದ ಮೇಲೆ ಅವನು ಕುರ್ಚಿ ಬಿಟ್ಟು ಏಳಲೇ ಇಲ್ಲ. ನನ್ನ ವಿಷಯ ಏನೇನು ಮಾತಾಡಿದಿರಿ ಎಂದು ಒಬ್ಬೊಬ್ಬರನ್ನೇ ಕೇಳಿದ. ಎಲ್ಲ ಒಳ್ಳೆಯದೇ ಎಂದರು ಎಲ್ಲರೂ.

ಅಷ್ಟರಲ್ಲಿ ಸಂಜೆಯಾಯಿತು, ಹೇಳಿದ ಹಾಗೆ ಮಲ್ಕಾಂತಿ ಟೀಚರ್ ಬಂದರು. ದಿನದ ಬ್ರೆಡ್ಡೆಲ್ಲ ಪೆಟ್ಟಿಗೆಯಲ್ಲೇ ಇತ್ತು, ಓಣಿಯ ಬೈಗುಳವೆಲ್ಲ ತಲೆಯ ಮೇಲಿತ್ತು. ಇನ್ನು ಉಳಿದದ್ದು ಮಗಳ ಒಂದು ವಾಕ್ಯ. ಅದೊಂದು ಬಂದರೆ ಈ ದಿನ ದಂಡವಾಗಲಿಲ್ಲ. ಅವನು ಮಗಳ ಮುಂದೆ ಮಂಡಿಯೂರಿದ.

"ಮಗಳೇ, ಟೀಚರ್ ಬಗ್ಗೆ ಒಂದು ಮಾತು ಹೇಳಮ್ಮ."

ಸೆನುರಿ ಟೀಚರನ್ನು ಮೇಲಿಂದ ಕೆಳಗೆ ನೋಡಿದಳು. ಗುನುಗಲಿಲ್ಲ. ಬೆಳ್ಳಿಗಂಟೆಯಂಥ ದನಿಯಲ್ಲಿ ಹೇಳಿದಳು:

"ಪಾಪ, ಟೀಚರ್ ಎಷ್ಟು ಒಳ್ಳೇವ್ರಾಗಿದ್ರು. ಬಾಯಿ ಮಾತ್ರ ಜೋರು. ಹೋದ್ರಲ್ಲ, ಇನ್ನು ಓಣಿಗೆ ನೆಮ್ಮದಿ."

ಜಿನದಾಸಜ್ಜ ನಿಧಾನವಾಗಿ ಕುಸುಮಕ್ಕನ ಕಡೆ ತಿರುಗಿದ. ಕುಸುಮಕ್ಕ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು.

ವಿಪುಲಸೇನನಿಗೆ ಆ ಕ್ಷಣ ಬೇರೇನೂ ಕಾಣಲಿಲ್ಲ. ಒಂದು ಕೇಳಿದ್ದಕ್ಕೆ ಮೂರು ವಾಕ್ಯ, ಒಂದಕ್ಷರ ತೊದಲಿಲ್ಲ. ಕಣ್ಣು ತುಂಬಿಕೊಂಡು ಟೀಚರ್ ಕಡೆ ನೋಡಿದ. ಟೀಚರ್ ನೇರವಾಗಿ ಆಟೊದ ಬಳಿ ಹೋಗಿ ತಾವೇ ಸ್ವಿಚ್ಚು ಒತ್ತಿದರು. ಹಾಡು ಓಣಿಯ ತುಂಬ ಹರಡಿತು.

"ಇದನ್ನ ಇನ್ಮೇಲೆ ಆರಿಸ್ಬೇಡ," ಎಂದರು. "ಇವಳು ಇನ್ನೊಂದು ವರ್ಷ ಚಿಕ್ಕವರ ಜೊತೇಲೇ ಇರ್ಲಿ. ಮಾತು ಬಂತು, ಯಾರ ಮುಂದೆ ಯಾವುದು ಅನ್ನೋದೂ ಬರ್ಲಿ."

ಅವರು ಆ ದಿನ ಬ್ರೆಡ್ ಕೊಳ್ಳಲಿಲ್ಲ. ವಿಪುಲಸೇನ ತುಂಬಿದ ಪೆಟ್ಟಿಗೆಯ ಸಮೇತ ಮನೆಯ ಕಡೆ ಹೊರಟ. ಬಿಸಿಲು ಇಳಿದು ಬಾವುಟಗಳು ಕೆಂಪಗಾಗಿದ್ದವು, ತೆಂಗಿನ ಗರಿಗಳು ಮತ್ತೆ ಮಂಜಿನಲ್ಲಿ ತೇಲತೊಡಗಿದ್ದವು. ಮುಂದೆ ದೂರದಲ್ಲಿ ಮಲ್ಕಾಂತಿ ಟೀಚರ್ ಸರಸರ ನಡೆದು ಹೋಗುತ್ತಿದ್ದರು. ಸೆನುರಿ ಅಪ್ಪನ ತೋಳಿಗೆ ಒರಗಿ ಅವರನ್ನೇ ನೋಡುತ್ತಿದ್ದಳು. ಆಟೊ ಅವರ ಪಕ್ಕಕ್ಕೆ ಬಂದಾಗ ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ಟೀಚರನ್ನ ಎತ್ತೋದು ಎಷ್ಟು ಗಂಟೆಗೆ?"

ವಿಪುಲಸೇನ ಹಾಡಿನ ಸದ್ದನ್ನು ಆದಷ್ಟೂ ಏರಿಸಿದ.